ಕ್ಯಾಲಿಫೋರ್ನಿಯಾದಲ್ಲಿ ಟ್ರಾಫಿಕ್ ಟಿಕೆಟ್ ಬಂದರೆ ಏನು ಮಾಡಬೇಕು? ಪಾಯಿಂಟ್, ಟ್ರಾಫಿಕ್ ಸ್ಕೂಲ್, ಕಾರ್ ಇನ್ಶೂರೆನ್ಸ್: ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಸ್ಪೀಡಿಂಗ್ ಟಿಕೆಟ್ ಸಿಕ್ಕಾಗ ನಮ್ಮವರಲ್ಲಿ ಬಹಳ ಜನ ಒಂದೇ ಕೆಲಸ ಮಾಡುತ್ತಾರೆ. ಕೋರ್ಟಿನ ವೆಬ್‌ಸೈಟ್ ತೆರೆದು, ಕಾರ್ಡ್ ನಂಬರ್ ಹಾಕಿ, ದಂಡ ಕಟ್ಟಿ, ಸದ್ಯ ಮುಗೀತಲ್ಲ ಅಂತ ನಿಟ್ಟುಸಿರು ಬಿಡುತ್ತಾರೆ. ಬೆಂಗಳೂರಿನಲ್ಲಿ ಚಲನ್ ಕಟ್ಟಿದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮುಗಿಯುವುದಿಲ್ಲ. ದಂಡ ಕಟ್ಟಿದಿರಿ ಅಂದರೆ ತಪ್ಪು ಸಾಬೀತಾಯಿತು ಅಂತ ಲೆಕ್ಕ. ಕೋರ್ಟ್ ಅದನ್ನು ಡಿಎಂವಿಗೆ, ಅಂದರೆ ನಮ್ಮ ಆರ್‌ಟಿಒ ಥರದ ರಾಜ್ಯದ ವಾಹನ ಇಲಾಖೆಗೆ, ತಿಳಿಸುತ್ತದೆ. ಡಿಎಂವಿ ನಿಮ್ಮ ಚಾಲನಾ ದಾಖಲೆಗೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಸೇರಿಸುತ್ತದೆ. ಮುಂದಿನ ರಿನ್ಯೂವಲ್ ಹೊತ್ತಿಗೆ ಇನ್ಶೂರೆನ್ಸ್ ಕಂಪನಿ ಆ ದಾಖಲೆ ತೆಗೆದು ನೋಡುತ್ತದೆ.

ಹಾಗಾಗಿ ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದು: ಟಿಕೆಟ್ ಬಂದ ದಿನಕ್ಕೂ ಅದರ ಕೊನೆಯ ದಿನಾಂಕಕ್ಕೂ ನಡುವೆ ಇರುವ ಕೆಲವು ವಾರಗಳನ್ನು ಸುಮ್ನೆ ಕಳೆಯಬೇಡಿ. ನಿಮ್ಮ ಕೈಯಲ್ಲಿ ಆಯ್ಕೆ ಇರುವುದು ಆಗ ಮಾತ್ರ. ಕಟ್ಟಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸುವುದು ಬಹಳ ಕಷ್ಟ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಇಲ್ಲಿ ಹೇಳಿರುವುದು ಕ್ಯಾಲಿಫೋರ್ನಿಯಾದ ನಿಯಮ. ಫ್ರಿಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಕಡೆ ನಮ್ಮವರು ಜಾಸ್ತಿ ಇರುವುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಪ್ರೀಮಿಯಂ ಹೇಗೆ ನಿರ್ಧಾರ ಆಗುತ್ತದೆ?

ಭಾರತದಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರವೇ ನಿಗದಿ ಮಾಡುವ ದರ. ಉಳಿದ ಭಾಗದಲ್ಲಿ ನೋ ಕ್ಲೇಮ್ ಬೋನಸ್ ಇರುತ್ತದೆ. ಕ್ಲೇಮ್ ಮಾಡದೆ ವರ್ಷ ಕಳೆದರೆ ಶೇ. 20ರಿಂದ ಶುರುವಾಗಿ ಶೇ. 50ರವರೆಗೆ ರಿಯಾಯಿತಿ. ಅಂದರೆ ಅಲ್ಲಿ ನೋಡುವುದು ನೀವು ಕ್ಲೇಮ್ ಮಾಡಿದ್ದೀರಾ ಅಂತ. ಕ್ಯಾಲಿಫೋರ್ನಿಯಾದಲ್ಲಿ ನೋಡುವುದು ನೀವು ಹೇಗೆ ಓಡಿಸುತ್ತೀರಿ ಅಂತ.

ಇದರ ಹಿಂದೆ 1988ರಲ್ಲಿ ಮತದಾರರೇ ಪಾಸು ಮಾಡಿದ ಪ್ರೊಪೊಸಿಷನ್ 103 ಇದೆ. ಕಾರ್ ಇನ್ಶೂರೆನ್ಸ್ ದರಕ್ಕೆ ಯಾವುದು ಎಷ್ಟು ಮುಖ್ಯ ಅನ್ನುವ ಕ್ರಮವನ್ನು ಆ ಕಾನೂನೇ ಹೇಳುತ್ತದೆ. ಮೊದಲು ನಿಮ್ಮ ಚಾಲನಾ ದಾಖಲೆ. ಎರಡನೆಯದು ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತೀರಿ. ಮೂರನೆಯದು ಎಷ್ಟು ವರ್ಷದ ಅನುಭವ. ಉಳಿದದ್ದೆಲ್ಲ ಆಮೇಲೆ. ಬೇರೆ ಹಲವು ರಾಜ್ಯಗಳಲ್ಲಿ ಕ್ರೆಡಿಟ್ ಸ್ಕೋರ್ ನೋಡಿ ದರ ಹಾಕುತ್ತಾರೆ. ಇಲ್ಲಿ ಅದಕ್ಕೆ ಅವಕಾಶ ಇಲ್ಲ. ಹೊಸದಾಗಿ ಬಂದು ಕ್ರೆಡಿಟ್ ಹಿಸ್ಟರಿ ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ಇದೇ ಕಾನೂನಿನಿಂದ ಬಂದದ್ದು ಗುಡ್ ಡ್ರೈವರ್ ಡಿಸ್ಕೌಂಟ್. ಅರ್ಹತೆ ಇರುವವರಿಗೆ ಕಂಪನಿ ಕನಿಷ್ಠ ಶೇ. 20 ಕಡಿಮೆ ದರ ಕೊಡಲೇಬೇಕು. ಕೊಡುವುದು ಬಿಡುವುದು ಕಂಪನಿಯ ಇಷ್ಟ ಅಲ್ಲ. ಅರ್ಹತೆಗೆ ಮುಖ್ಯವಾಗಿ ಇಷ್ಟು ಬೇಕು: ಲೈಸೆನ್ಸ್ ಸಿಕ್ಕಿ 3 ವರ್ಷ ಆಗಿರಬೇಕು. ಕಳೆದ 3 ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಪಾಯಿಂಟ್ ಇರಬಾರದು. ನಿಮ್ಮ ತಪ್ಪಿನಿಂದ ಯಾರಿಗೂ ಗಾಯ ಅಥವಾ ಸಾವು ಆಗಿರಬಾರದು. ಕುಡಿದು ಓಡಿಸಿದ ಪ್ರಕರಣ ಇದ್ದರೆ 10 ವರ್ಷ ಈ ರಿಯಾಯಿತಿ ಇಲ್ಲ.

ಊರಿನಿಂದ ಬಂದವರು ಗಮನಿಸಿ. ಇಲ್ಲಿ 3 ವರ್ಷ ಆಗಿಲ್ಲ, ನನಗೆ ಸಿಗಲ್ಲ ಅಂತ ಬಹಳ ಜನ ಕೇಳುವುದೇ ಇಲ್ಲ. ಕಾನೂನಿನಲ್ಲಿ ಇದಕ್ಕೆ ದಾರಿ ಇದೆ. ಅಮೆರಿಕ ಅಥವಾ ಕೆನಡಾದಲ್ಲಿ ಕನಿಷ್ಠ 18 ತಿಂಗಳಿಂದ ಲೈಸೆನ್ಸ್ ಇದ್ದು, ಆ ಅವಧಿಯಲ್ಲಿ ದಾಖಲೆ ಚೆನ್ನಾಗಿದ್ದರೆ, ಉಳಿದ ಅವಧಿಗೆ ಭಾರತದ ಲೈಸೆನ್ಸ್ ಮತ್ತು ಅನುಭವವನ್ನು ತೋರಿಸಬಹುದು. ನಿಮ್ಮ ಹಳೆಯ ಕರ್ನಾಟಕದ ಡಿಎಲ್ ಅನ್ನು ಬಿಸಾಡದೆ ಇಟ್ಟುಕೊಳ್ಳಿ. 18 ತಿಂಗಳು ತುಂಬಿದ ತಕ್ಷಣ ಏಜೆಂಟರಿಗೆ ಫೋನ್ ಮಾಡಿ ಕೇಳಿ. ಅವರಾಗಿಯೇ ಹೇಳುತ್ತಾರೆ ಅಂತ ಕಾಯಬೇಡಿ.

ಒಂದು ಪಾಯಿಂಟಿಗೂ ಎರಡು ಪಾಯಿಂಟಿಗೂ ಇರುವ ವ್ಯತ್ಯಾಸ

ಮೇಲಿನ ಷರತ್ತನ್ನು ಇನ್ನೊಮ್ಮೆ ಓದಿ. ಒಂದಕ್ಕಿಂತ ಜಾಸ್ತಿ ಇರಬಾರದು. ಅಂದರೆ ಒಂದು ಪಾಯಿಂಟ್ ಬಂದರೂ ನೀವು ಗುಡ್ ಡ್ರೈವರ್ ಆಗಿಯೇ ಇರುತ್ತೀರಿ. ದಾಖಲೆಯಲ್ಲಿ ಒಂದು ಪಾಯಿಂಟ್ ಇದೆ ಅಂತ ಪ್ರೀಮಿಯಂ ಸ್ವಲ್ಪ ಏರಬಹುದು, ಆದರೆ ರಿಯಾಯಿತಿ ಉಳಿಯುತ್ತದೆ. ಎರಡನೆಯ ಪಾಯಿಂಟ್ ಬಂದ ಕೂಡಲೇ ರಿಯಾಯಿತಿ ಪೂರ್ತಿ ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ರಿಯಾಯಿತಿ ಸೇರಿ ನೀವು ವರ್ಷಕ್ಕೆ 2,000 ಡಾಲರ್ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಅದು ಶೇ. 20 ಕಳೆದ ಮೇಲಿನ ಮೊತ್ತ. ರಿಯಾಯಿತಿ ಇಲ್ಲದ ದರ 2,500 ಡಾಲರ್. ಅಂದರೆ ನಿಮ್ಮ ಕೈಯಿಂದ ಹೋಗುವುದು ಶೇ. 25 ಜಾಸ್ತಿ. ಮೂರು ವರ್ಷಕ್ಕೆ 1,500 ಡಾಲರ್. ಪಾಯಿಂಟಿಗೆ ಅಂತ ಕಂಪನಿ ಬೇರೆ ಏರಿಸುವುದು ಇದರ ಮೇಲೆ. ಟಿಕೆಟ್ಟಿನ ದಂಡವಾದರೋ ವೇಗ ಮಿತಿಗಿಂತ ಗಂಟೆಗೆ 15 ಮೈಲಿವರೆಗೆ ಜಾಸ್ತಿ ಹೋಗಿದ್ದರೆ ಸುಮಾರು 238 ಡಾಲರ್, 16ರಿಂದ 25 ಮೈಲಿಗೆ ಸುಮಾರು 367 ಡಾಲರ್. ಮೂರು ವರ್ಷದ ಲೆಕ್ಕದಲ್ಲಿ ದಂಡಕ್ಕಿಂತ ಪಾಯಿಂಟೇ ದುಬಾರಿ.

ಇನ್ನೊಂದು ವಿಷಯ. ಅಪಘಾತವೂ ಈ ಲೆಕ್ಕಕ್ಕೆ ಬರುತ್ತದೆ. ಶೇ. 51 ಅಥವಾ ಅದಕ್ಕಿಂತ ಹೆಚ್ಚು ತಪ್ಪು ನಿಮ್ಮದೇ ಆಗಿ, ವಾಹನ ಅಥವಾ ಆಸ್ತಿಗೆ ಆದ ಹಾನಿ 1,000 ಡಾಲರ್ ದಾಟಿದರೆ ಅದೂ ಒಂದು ಪಾಯಿಂಟ್. ಇವತ್ತಿನ ಕಾರುಗಳಲ್ಲಿ ಬಂಪರ್ ಒಳಗೆ ಸೆನ್ಸರ್, ಕ್ಯಾಮೆರಾ ಇರುವುದರಿಂದ ಸಣ್ಣ ಗುದ್ದಿಗೂ 1,000 ಡಾಲರ್ ದಾಟುವುದು ಕಷ್ಟವೇನಲ್ಲ. ಒಂದು ಸ್ಪೀಡಿಂಗ್ ಟಿಕೆಟ್, ಎರಡು ವರ್ಷದ ನಂತರ ಸಿಗ್ನಲ್ಲಿನಲ್ಲಿ ಮುಂದಿನ ಕಾರಿಗೆ ಒಂದು ಗುದ್ದು. ಎರಡೂ ಸೇರಿ ರಿಯಾಯಿತಿ ಹೋಯಿತು. ಅದಕ್ಕೇ ಮೊದಲ ಪಾಯಿಂಟನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನುವುದು.

ಹೆಜ್ಜೆ 1: ಟಿಕೆಟ್ ಓದಿ, ಪಾಯಿಂಟ್ ಇದೆಯಾ ನೋಡಿ

ರಸ್ತೆ ಬದಿಯಲ್ಲಿ ಪೊಲೀಸರು ಸಹಿ ಕೇಳುತ್ತಾರೆ. ಆ ಸಹಿ ತಪ್ಪು ಒಪ್ಪಿಕೊಂಡದ್ದಲ್ಲ. ಕೋರ್ಟಿಗೆ ಉತ್ತರ ಕೊಡುತ್ತೇನೆ ಅನ್ನುವ ಮಾತು ಅಷ್ಟೇ. ಸಹಿ ಹಾಕಿ, ಗೌರವದಿಂದ ಮಾತಾಡಿ, ವಾದ ಮಾಡಬೇಡಿ. ವಾದಕ್ಕೆ ಬೇರೆ ಜಾಗ ಇದೆ.

ಮನೆಗೆ ಬಂದ ಮೇಲೆ ಟಿಕೆಟ್ಟಿನಲ್ಲಿ ಮೂರು ವಿಷಯ ಹುಡುಕಿ: ಯಾವ ಸೆಕ್ಷನ್, ಯಾವ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಕೋರ್ಟ್, ಕೊನೆಯ ದಿನಾಂಕ ಯಾವಾಗ. ಕೋರ್ಟಿನಿಂದ ಅಂಚೆಯಲ್ಲಿ ಇನ್ನೊಂದು ನೋಟಿಸ್ ಬರುವುದು ರೂಢಿ. ಅದು ಬರದಿದ್ದರೂ ಕೊನೆಯ ದಿನಾಂಕ ಬದಲಾಗುವುದಿಲ್ಲ. ಮನೆ ಬದಲಿಸಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ದಿನಾಂಕ ತಪ್ಪಿದರೆ 100 ಡಾಲರ್‌ವರೆಗೆ ಇನ್ನೂ ಸೇರಿಕೊಳ್ಳಬಹುದು.

ಸೆಕ್ಷನ್ ನೋಡಿದರೆ ಪಾಯಿಂಟ್ ಗೊತ್ತಾಗುತ್ತದೆ. ಡಿಎಂವಿ ವೆಬ್‌ಸೈಟಿನಲ್ಲಿ ಪಟ್ಟಿ ಇದೆ. ಸಾಮಾನ್ಯವಾಗಿ ಕಾಣುವವು ಹೀಗಿವೆ. ವೇಗ ಮಿತಿ ಮೀರಿದ್ದು, ಕೆಂಪು ದೀಪ ದಾಟಿದ್ದು, ಸ್ಟಾಪ್ ಸೈನಿನಲ್ಲಿ ನಿಲ್ಲಿಸದಿದ್ದುದು, ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸದಿದ್ದುದು: ಇವಕ್ಕೆ ಒಂದು ಪಾಯಿಂಟ್. ಕುಡಿದು ಓಡಿಸುವುದು, ಅಪಘಾತ ಮಾಡಿ ಓಡಿಹೋಗುವುದು, ನಿರ್ಲಕ್ಷ್ಯದ ಅಪಾಯಕಾರಿ ಚಾಲನೆ, ಗಂಟೆಗೆ 100 ಮೈಲಿ ಮೀರಿದ ವೇಗ: ಇವಕ್ಕೆ ಎರಡು ಪಾಯಿಂಟ್. ಎರಡು ಪಾಯಿಂಟ್ ಅಂದರೆ ಒಂದೇ ಏಟಿಗೆ ಗುಡ್ ಡ್ರೈವರ್ ರಿಯಾಯಿತಿ ಹೋಗುತ್ತದೆ.

ಕೈಯಲ್ಲಿ ಫೋನ್ ಹಿಡಿದು ಓಡಿಸಿದರೆ ಮೊದಲ ಸಲ ಪಾಯಿಂಟ್ ಇಲ್ಲ. 36 ತಿಂಗಳೊಳಗೆ ಇನ್ನೊಮ್ಮೆ ಸಿಕ್ಕಿಬಿದ್ದರೆ ಪಾಯಿಂಟ್ ಬರುತ್ತದೆ. 2021ರ ಜುಲೈಯಿಂದ ಈ ನಿಯಮ.

ಪಾರ್ಕಿಂಗ್ ಟಿಕೆಟ್ಟಿಗೆ ಪಾಯಿಂಟ್ ಇಲ್ಲ. ಕೆಟ್ಟುಹೋದ ಲೈಟು, ಅವಧಿ ಮುಗಿದ ರಿಜಿಸ್ಟ್ರೇಷನ್ ಇಂಥವಕ್ಕೆ ಬರುವ ಫಿಕ್ಸ್-ಇಟ್ ಟಿಕೆಟ್ಟಿಗೂ ಇಲ್ಲ. ಸರಿಮಾಡಿಸಿ, ಪೊಲೀಸರಿಂದ ಅಥವಾ ಡಿಎಂವಿಯಿಂದ ಸಹಿ ಹಾಕಿಸಿ, ಕೋರ್ಟಿಗೆ 25 ಡಾಲರ್ ಕಟ್ಟಿದರೆ ಆಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈಗ ಹಾಕಿರುವ ಸ್ಪೀಡ್ ಕ್ಯಾಮೆರಾದ ದಂಡವೂ ಪಾರ್ಕಿಂಗ್ ದಂಡದ ಹಾಗೆಯೇ, ಅದಕ್ಕೂ ಪಾಯಿಂಟ್ ಇಲ್ಲ. ಪಾಯಿಂಟ್ ಇಲ್ಲದ ಟಿಕೆಟ್ ಆದರೆ ಕಟ್ಟಿಬಿಡಿ. ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಹೆಜ್ಜೆ 2: ಟ್ರಾಫಿಕ್ ಸ್ಕೂಲಿಗೆ ಅರ್ಹತೆ ಇದೆಯಾ ನೋಡಿ

ಟ್ರಾಫಿಕ್ ಸ್ಕೂಲ್ ಅಂದರೆ ಸುರಕ್ಷಿತ ಚಾಲನೆಯ ಪಾಠ ಓದಿ ಪರೀಕ್ಷೆ ಬರೆಯುವ ಸಣ್ಣ ಕೋರ್ಸ್. ಒಂದು ಪಾಯಿಂಟಿನ ಟಿಕೆಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಂಡ ಪೂರ್ತಿ ಕಟ್ಟಬೇಕು. ಅದರ ಜೊತೆ ಕೋರ್ಟಿನ ಒಂದು ಶುಲ್ಕ, ಸ್ಕೂಲಿನ ಶುಲ್ಕ. ಇವೆರಡೂ ಸೇರಿ ಹೆಚ್ಚಾಗಿ ನೂರು ಡಾಲರ್ ಆಸುಪಾಸು. ಅದಕ್ಕೆ ಪ್ರತಿಯಾಗಿ ನಿಮ್ಮ ದಾಖಲೆಯಲ್ಲಿ ಆ ಪ್ರಕರಣ ಗೋಪ್ಯವಾಗುತ್ತದೆ. ಇನ್ಶೂರೆನ್ಸ್ ಕಂಪನಿಗೆ ಅದು ಕಾಣುವುದಿಲ್ಲ. ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಇದು ಎಷ್ಟು ಅಗ್ಗ ಅಂತ ನೀವೇ ಹೇಳುತ್ತೀರಿ.

ಅರ್ಹತೆಯ ಮುಖ್ಯ ನಿಯಮ: 18 ತಿಂಗಳಿಗೆ ಒಮ್ಮೆ ಮಾತ್ರ. ಈ 18 ತಿಂಗಳು ಎಣಿಸುವುದು ಒಂದು ಉಲ್ಲಂಘನೆಯ ದಿನದಿಂದ ಇನ್ನೊಂದು ಉಲ್ಲಂಘನೆಯ ದಿನಕ್ಕೆ. ಕೋರ್ಟಿನ ದಿನಾಂಕ, ಕೋರ್ಸ್ ಮುಗಿಸಿದ ದಿನಾಂಕ ಲೆಕ್ಕಕ್ಕಿಲ್ಲ. ಕುಡಿತ ಅಥವಾ ಡ್ರಗ್ಸ್ ಸೇರಿದ ಪ್ರಕರಣಕ್ಕೆ ಸಿಗುವುದಿಲ್ಲ. ಟ್ರಕ್ಕಿನಂಥ ಕಮರ್ಷಿಯಲ್ ವಾಹನ ಓಡಿಸುವಾಗ ಸಿಕ್ಕಿದ ಟಿಕೆಟ್ಟಿಗೂ ಇಲ್ಲ. ಮಿತಿಗಿಂತ 25 ಮೈಲಿಗೂ ಜಾಸ್ತಿ ವೇಗದಲ್ಲಿ ಹೋಗಿದ್ದರೆ ಕೋರ್ಟಿನ ಗುಮಾಸ್ತರು ಒಪ್ಪಿಗೆ ಕೊಡುವ ಹಾಗಿಲ್ಲ. ಆಗ ನ್ಯಾಯಾಧೀಶರ ಮುಂದೆ ಹೋಗಿ ಕೇಳಬೇಕು. ಕೇಳಲು ಹಿಂಜರಿಯಬೇಡಿ, ದಾಖಲೆ ಚೆನ್ನಾಗಿದ್ದರೆ ಕೊಡುವುದುಂಟು.

ಕೆಲವರು ಇದನ್ನು ಮುಂದಿನ ದೊಡ್ಡ ಟಿಕೆಟ್ಟಿಗೆ ಉಳಿಸಿಕೊಳ್ಳೋಣ ಅನ್ನುತ್ತಾರೆ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಟ್ರಾಫಿಕ್ ಸ್ಕೂಲಿನ ಅವಕಾಶ 18 ತಿಂಗಳಿಗೆ ಮತ್ತೆ ಬರುತ್ತದೆ. ಪಾಯಿಂಟ್ ಮಾತ್ರ ಕನಿಷ್ಠ 36 ತಿಂಗಳು ಕೂತಿರುತ್ತದೆ. ಸಿಕ್ಕಾಗಲೇ ಬಳಸಿಕೊಳ್ಳಿ.

ಮಾಡುವ ವಿಧಾನ ಸುಲಭ. ಕೊನೆಯ ದಿನಾಂಕದ ಒಳಗೆ ಕೋರ್ಟಿನ ವೆಬ್‌ಸೈಟಿನಲ್ಲಿ ಬರೀ ದಂಡ ಕಟ್ಟುವ ಆಯ್ಕೆ ಬಿಟ್ಟು, ಟ್ರಾಫಿಕ್ ಸ್ಕೂಲ್ ಅನ್ನುವ ಆಯ್ಕೆ ಒತ್ತಿ. ಎರಡು ಬಟನ್ನೂ ಅಕ್ಕಪಕ್ಕ ಇರಬಹುದು, ಎರಡು ಸಲ ನೋಡಿ. ಹಣ ಕಟ್ಟಿದ ರಸೀದಿ ಇಟ್ಟುಕೊಳ್ಳಿ. ಆಮೇಲೆ ಡಿಎಂವಿ ಲೈಸೆನ್ಸ್ ಕೊಟ್ಟಿರುವ ಸ್ಕೂಲನ್ನೇ ಆರಿಸಿ. ಆನ್‌ಲೈನಿನಲ್ಲಿ ಓದಿ, ಕೊನೆಗೆ ಪರೀಕ್ಷೆ ಪಾಸಾಗಬೇಕು. ಕೋರ್ಟ್ ಕೊಟ್ಟ ಗಡುವಿನ ಒಳಗೆ ಮುಗಿಸಬೇಕು. ಗಡುವು ಮೀರಿದರೆ ಕಟ್ಟಿದ ಹಣವೂ ಹೋಯಿತು, ಪಾಯಿಂಟೂ ಬಂತು. ಮುಗಿಸಿದ ವರದಿಯನ್ನು ಸ್ಕೂಲಿನವರೇ ಕಳಿಸುತ್ತಾರೆ. ಆದರೂ ಒಂದೆರಡು ವಾರದ ನಂತರ ಕೋರ್ಟಿಗೆ ತಲುಪಿದೆಯಾ ಅಂತ ನೀವೇ ನೋಡಿಕೊಳ್ಳಿ.

ದಂಡ ಕಟ್ಟುವಷ್ಟು ಹಣ ಈಗ ಕೈಯಲ್ಲಿ ಇಲ್ಲ ಅಂತಾದರೆ ರಾಜ್ಯದ ಕೋರ್ಟುಗಳು ನಡೆಸುವ ಮೈಸೈಟೇಷನ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆ. ವರಮಾನ ತೋರಿಸಿ ದಂಡ ಕಡಿಮೆ ಮಾಡಲು, ಕಂತಿನಲ್ಲಿ ಕಟ್ಟಲು ಕೇಳಬಹುದು. ವಿದ್ಯಾರ್ಥಿಗಳಿಗೆ, ಕೆಲಸ ಕಳೆದುಕೊಂಡವರಿಗೆ ಇದು ಉಪಯೋಗ. ಆದರೆ ಅರ್ಜಿ ಹಾಕುವ ಮೊದಲು, ಇದರಿಂದ ಟ್ರಾಫಿಕ್ ಸ್ಕೂಲಿನ ಅವಕಾಶಕ್ಕೆ ಏನಾಗುತ್ತದೆ ಅಂತ ಕೋರ್ಟಿನವರನ್ನು ಕೇಳಿಕೊಳ್ಳಿ.

ಹೆಜ್ಜೆ 3: ತಪ್ಪು ನಿಮ್ಮದಲ್ಲ ಅನ್ನಿಸಿದರೆ ಪ್ರಶ್ನಿಸಿ

ಕೋರ್ಟ್ ಅಂದ ಕೂಡಲೇ ನಮ್ಮವರಿಗೆ ಭಯ, ವೀಸಾಗೆ ಏನಾದರೂ ಆಗುತ್ತೋ ಅಂತ. ಸಾಮಾನ್ಯ ಟ್ರಾಫಿಕ್ ಟಿಕೆಟ್ ಪ್ರಶ್ನಿಸುವುದು ಇಲ್ಲಿ ಎಲ್ಲರಿಗೂ ಇರುವ ಹಕ್ಕು. ಕೋರ್ಟಿಗೆ ಹೋಗದೆ ಬರವಣಿಗೆಯಲ್ಲೇ ವಾದ ಮಾಡಬಹುದು. ಅದಕ್ಕೆ ಟಿಆರ್-205 ಅನ್ನುವ ಫಾರಂ ಇದೆ. ದಂಡದ ಮೊತ್ತವನ್ನು ಠೇವಣಿಯಾಗಿ ಇಟ್ಟು, ನಡೆದದ್ದನ್ನು ಸ್ಪಷ್ಟವಾಗಿ ಬರೆದು, ಫೋಟೋ, ನಕ್ಷೆ, ಡ್ಯಾಶ್‌ಕ್ಯಾಮ್ ಚಿತ್ರ ಇದ್ದರೆ ಸೇರಿಸಿ ಕಳಿಸಬೇಕು. ಪೊಲೀಸ್ ಅಧಿಕಾರಿಯೂ ತಮ್ಮ ಹೇಳಿಕೆ ಬರೆದು ಕಳಿಸುತ್ತಾರೆ. ಎರಡನ್ನೂ ಓದಿ ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ಗೆದ್ದರೆ ಠೇವಣಿ ವಾಪಸ್ ಬರುತ್ತದೆ, ಪಾಯಿಂಟ್ ಇಲ್ಲ.

ಸೋತರೂ ಅಲ್ಲಿಗೆ ಮುಗಿಯಲಿಲ್ಲ. 20 ದಿನದ ಒಳಗೆ ಟಿಆರ್-220 ಫಾರಂ ಹಾಕಿದರೆ ಹೊಸದಾಗಿ ಕೋರ್ಟಿನಲ್ಲಿ ವಿಚಾರಣೆ ಆಗುತ್ತದೆ. ಮೊದಲ ತೀರ್ಪನ್ನು ಅಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬರೆಯುವಾಗ ಎಲ್ಲರೂ ಹಾಗೇ ಹೋಗುತ್ತಿದ್ದರು, ಅರ್ಜೆಂಟ್ ಇತ್ತು ಅನ್ನುವ ಕಾರಣಗಳು ನಿಲ್ಲುವುದಿಲ್ಲ. ಅವು ತಪ್ಪು ಒಪ್ಪಿಕೊಂಡ ಹಾಗೆ. ಸ್ಟಾಪ್ ಸೈನನ್ನು ಮರದ ಕೊಂಬೆ ಮುಚ್ಚಿತ್ತು, ಅಧಿಕಾರಿ ನಿಂತಿದ್ದ ಜಾಗದಿಂದ ನಿಲ್ಲುವ ಗೆರೆ ಕಾಣುವುದಿಲ್ಲ, ಟಿಕೆಟ್ಟಿನಲ್ಲಿ ರಸ್ತೆಯ ಹೆಸರೇ ಬೇರೆ ಇದೆ: ಇಂಥವು ನಿಲ್ಲುತ್ತವೆ. ಊರೊಳಗಿನ ಕೆಲವು ರಸ್ತೆಗಳಲ್ಲಿ ರಡಾರ್ ಹಿಡಿದು ಟಿಕೆಟ್ ಕೊಟ್ಟಿದ್ದರೆ ಇನ್ನೊಂದು ಅಂಶ ನೋಡಿ. ಆ ರಸ್ತೆಯ ವೇಗ ಮಿತಿಗೆ ಆಧಾರವಾಗಿ ಅವಧಿ ಮುಗಿಯದ ಟ್ರಾಫಿಕ್ ಸರ್ವೆ ಇರಬೇಕು ಅನ್ನುತ್ತದೆ ಕಾನೂನು. ಸಿಟಿಯ ಇಂಜಿನಿಯರಿಂಗ್ ಇಲಾಖೆಗೆ ಬರೆದರೆ ಸರ್ವೆಯ ಪ್ರತಿ ಸಿಗುತ್ತದೆ.

ಒಂದು ಎಚ್ಚರಿಕೆ. ವಾದ ಮಾಡಿ ಸೋತ ಮೇಲೆ ಟ್ರಾಫಿಕ್ ಸ್ಕೂಲ್ ಕೊಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಸಾಕ್ಷಿ ಗಟ್ಟಿ ಇಲ್ಲದಿದ್ದರೆ, ಟ್ರಾಫಿಕ್ ಸ್ಕೂಲಿಗೆ ಅರ್ಹತೆ ಇದ್ದರೆ, ನಾನು ಸ್ಕೂಲನ್ನೇ ಆರಿಸಿ ಅನ್ನುತ್ತೇನೆ.

ಹೆಜ್ಜೆ 4: ಅಪಘಾತ ಆದರೆ

ಯಾರಿಗಾದರೂ ಗಾಯ ಆಗಿದ್ದರೆ, ಅಥವಾ ಹಾನಿ 1,000 ಡಾಲರ್ ದಾಟಿದ್ದರೆ, 10 ದಿನದ ಒಳಗೆ ಡಿಎಂವಿಗೆ ಎಸ್‌ಆರ್-1 ಅನ್ನುವ ಅಪಘಾತ ವರದಿಯ ಫಾರಂ ಸಲ್ಲಿಸಬೇಕು. ತಪ್ಪು ಯಾರದೇ ಇರಲಿ, ಪೊಲೀಸರು ವರದಿ ಬರೆದಿರಲಿ, ಇದು ನಿಮ್ಮ ಕೆಲಸ.

ತಪ್ಪು ನಿಮ್ಮದು ಅಂತ ನಿಮ್ಮ ಕಂಪನಿ ತೀರ್ಮಾನಿಸಿದರೆ ಕಾರಣ ಕೇಳಿ. ಆ ತೀರ್ಮಾನವನ್ನು ಮತ್ತೆ ಪರಿಶೀಲಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಫೋಟೋ, ಸಾಕ್ಷಿಗಳ ಹೇಳಿಕೆ ಕೊಟ್ಟು ಬರವಣಿಗೆಯಲ್ಲೇ ಕೇಳಿ. ಶೇ. 50 ಮತ್ತು ಶೇ. 51ರ ನಡುವೆ ಒಂದು ಪಾಯಿಂಟಿನ ವ್ಯತ್ಯಾಸ ಇದೆ, ಅಲ್ವಾ? ಕಂಪನಿಯ ಉತ್ತರ ಸರಿ ಅನ್ನಿಸದಿದ್ದರೆ ಕ್ಯಾಲಿಫೋರ್ನಿಯಾ ಇನ್ಶೂರೆನ್ಸ್ ಇಲಾಖೆಗೆ ದೂರು ಕೊಡಬಹುದು. ಅವರ ಸಹಾಯವಾಣಿ 800-927-4357. ದೂರು ಕೊಡಲು ಹಣ ಕಟ್ಟಬೇಕಾಗಿಲ್ಲ.

ಪಾಯಿಂಟ್ ಸೇರುತ್ತಾ ಹೋದರೆ ಲೈಸೆನ್ಸೇ ಹೋಗುತ್ತದೆ

12 ತಿಂಗಳಲ್ಲಿ 4, ಅಥವಾ 24 ತಿಂಗಳಲ್ಲಿ 6, ಅಥವಾ 36 ತಿಂಗಳಲ್ಲಿ 8 ಪಾಯಿಂಟ್ ಆದರೆ ಡಿಎಂವಿ ನಿಮ್ಮನ್ನು ನಿರ್ಲಕ್ಷ್ಯದ ಚಾಲಕ ಅಂತ ಪರಿಗಣಿಸುತ್ತದೆ. 6 ತಿಂಗಳು ಲೈಸೆನ್ಸ್ ಅಮಾನತು, ಒಂದು ವರ್ಷ ಪ್ರೊಬೇಷನ್, ಅಂದರೆ ನಿಗಾ ಅವಧಿ. ಅದಕ್ಕೂ ಮೊದಲು ಎಚ್ಚರಿಕೆ ಪತ್ರಗಳು ಬರುತ್ತವೆ. ಅಮಾನತಿನ ಆದೇಶ ಬಂದರೆ ವಿಚಾರಣೆ ಕೇಳಲು ಸಿಗುವ ಸಮಯ ಬಹಳ ಕಡಿಮೆ. ಅಂಚೆಗೆ ಹಾಕಿದ ದಿನದಿಂದ 14 ದಿನ. ಪತ್ರವನ್ನು ಒಡೆಯದೆ ಮೇಜಿನ ಮೇಲೆ ಇಡಬೇಡಿ.

18 ತುಂಬದ ಮಕ್ಕಳಿಗೆ ನಿಯಮ ಇನ್ನೂ ಬಿಗಿ. 12 ತಿಂಗಳಲ್ಲಿ ಎರಡು ಪಾಯಿಂಟ್ ಆದರೆ 30 ದಿನ ಒಬ್ಬರೇ ಓಡಿಸುವ ಹಾಗಿಲ್ಲ, ಪಕ್ಕದಲ್ಲಿ 25 ದಾಟಿದ ಲೈಸೆನ್ಸ್ ಇರುವವರು ಇರಬೇಕು. ಮೂರು ಆದರೆ 6 ತಿಂಗಳು ಲೈಸೆನ್ಸ್ ಇಲ್ಲ. ಮಗ ಅಥವಾ ಮಗಳು ನಿಮ್ಮ ಪಾಲಿಸಿಯಲ್ಲೇ ಇರುವುದರಿಂದ ಅವರ ಟಿಕೆಟ್ಟಿನ ಬಿಸಿ ತಟ್ಟುವುದು ಮನೆಯ ಪ್ರೀಮಿಯಂಗೆ. ಕೀ ಕೊಡುವ ಮೊದಲೇ ಅವರನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ.

ಕುಡಿದು ಓಡಿಸಿದ ಪ್ರಕರಣದ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಅದಕ್ಕೆ ಟ್ರಾಫಿಕ್ ಸ್ಕೂಲ್ ಇಲ್ಲ, ದಾಖಲೆಯಲ್ಲಿ 10 ವರ್ಷ ಇರುತ್ತದೆ, ಇನ್ಶೂರೆನ್ಸ್ ಇದೆ ಅಂತ ಕಂಪನಿಯೇ ಡಿಎಂವಿಗೆ ಎಸ್‌ಆರ್-22 ಅನ್ನುವ ಪ್ರಮಾಣಪತ್ರ ಕಳಿಸಬೇಕು, ಕೆಲಸಕ್ಕೂ ವೀಸಾಗೂ ತೊಂದರೆ ಆಗಬಹುದು. ಇಲ್ಲಿ ಈ ಮಾರ್ಗದರ್ಶಿ ಸಾಲದು. ತಕ್ಷಣ ವಕೀಲರನ್ನು ನೋಡಿ.

ಬೇರೆ ರಾಜ್ಯದಲ್ಲಿ ಸಿಕ್ಕ ಟಿಕೆಟ್

ಲಾಸ್ ವೇಗಸ್‌ಗೆ ಹೋಗುವಾಗ ನೆವಾಡಾದಲ್ಲಿ ಟಿಕೆಟ್ ಸಿಕ್ಕಿತು, ಅದು ಇಲ್ಲಿಗೆ ಬರುವುದಿಲ್ಲ ಅಂತ ನಂಬಬೇಡಿ. ರಾಜ್ಯಗಳ ನಡುವೆ ಮಾಹಿತಿ ಹಂಚಿಕೆಯ ಒಪ್ಪಂದ ಇದೆ. ಬಾಡಿಗೆ ಕಾರಾದರೂ ಅಷ್ಟೇ. ಪಾಯಿಂಟ್ ಹೋಗುವುದು ಓಡಿಸಿದವರ ಹೆಸರಿಗೆ. ಆ ರಾಜ್ಯದ ಕೋರ್ಟಿಗೇ ಫೋನ್ ಮಾಡಿ ಅಲ್ಲಿ ಏನು ದಾರಿ ಇದೆ ಅಂತ ಕೇಳಬೇಕು. ಬೇರೆ ರಾಜ್ಯಕ್ಕೆ ಮನೆ ಬದಲಿಸುವವರು ಅಲ್ಲಿನ ನಿಯಮ ಹೊಸದಾಗಿ ಓದಿಕೊಳ್ಳಿ. ನಾರ್ತ್ ಕ್ಯಾರೊಲಿನಾದಲ್ಲಿ ಲೈಸೆನ್ಸ್ ಪಾಯಿಂಟ್ ಬೇರೆ, ಇನ್ಶೂರೆನ್ಸ್ ಪಾಯಿಂಟ್ ಬೇರೆ. ಅಲ್ಲಿ ಇಲ್ಲಿನ ಲೆಕ್ಕ ನಡೆಯುವುದಿಲ್ಲ.

ಹೆಜ್ಜೆ 5: ರಿನ್ಯೂವಲ್‌ಗೆ ಮುಂಚೆ ದಾಖಲೆ ನೋಡಿಕೊಳ್ಳಿ

ಟಿಕೆಟ್ ಬಂದ ಮರುದಿನವೇ ಪ್ರೀಮಿಯಂ ಏರುವುದಿಲ್ಲ. 6 ತಿಂಗಳಿಗೋ ವರ್ಷಕ್ಕೋ ಬರುವ ರಿನ್ಯೂವಲ್ಲಿನಲ್ಲಿ ಏರುತ್ತದೆ. ಅದಕ್ಕೆ ಒಂದು ತಿಂಗಳು ಮೊದಲು ಡಿಎಂವಿ ವೆಬ್‌ಸೈಟಿನಲ್ಲಿ 2 ಡಾಲರ್ ಕೊಟ್ಟು ನಿಮ್ಮ ಚಾಲನಾ ದಾಖಲೆ ಇಳಿಸಿಕೊಳ್ಳಿ. ಟ್ರಾಫಿಕ್ ಸ್ಕೂಲ್ ಮುಗಿಸಿದ್ದರೂ ಪಾಯಿಂಟ್ ಕಾಣುತ್ತಿದೆಯಾ? ಕೋರ್ಸ್ ಮುಗಿಸಿದ ಪ್ರಮಾಣಪತ್ರ, ಕೋರ್ಟಿನ ರಸೀದಿ ತೋರಿಸಿ ಕೋರ್ಟಿನಿಂದಲೇ ಸರಿಮಾಡಿಸಬೇಕು. ಇದಕ್ಕೆ ವಾರಗಳು ಹಿಡಿಯುವುದರಿಂದಲೇ ಒಂದು ತಿಂಗಳು ಮೊದಲು ಅಂದದ್ದು.

ಪಾಯಿಂಟ್ ನಿಜವಾಗಿಯೂ ಇದ್ದರೆ ಬೇರೆ ಕಂಪನಿಗಳ ದರ ಕೇಳಿ. ಒಂದೇ ಪಾಯಿಂಟಿಗೆ ಒಂದೊಂದು ಕಂಪನಿ ಒಂದೊಂದು ರೀತಿ ಏರಿಸುತ್ತದೆ. ಇನ್ಶೂರೆನ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ದರ ಹೋಲಿಸುವ ಸಾಧನ ಇದೆ. ನೀವು ಇನ್ನೂ ಗುಡ್ ಡ್ರೈವರ್ ಆಗಿದ್ದರೆ, ನೀವು ಬಯಸಿದ ಕಂಪನಿಯಿಂದ ಆ ಪಾಲಿಸಿ ಕೊಳ್ಳುವ ಹಕ್ಕನ್ನು ಪ್ರೊಪೊಸಿಷನ್ 103 ಕೊಟ್ಟಿದೆ.

ಮೈಲಿ ಲೆಕ್ಕವನ್ನೂ ನೋಡಿ. ಕಾನೂನಿನಲ್ಲಿ ಅದು ಎರಡನೆಯ ಸ್ಥಾನದಲ್ಲಿದೆ. ಮೊದಲು ದಿನಾ ಆಫೀಸಿಗೆ ಹೋಗುತ್ತಿದ್ದವರು ಈಗ ವಾರಕ್ಕೆ ಎರಡು ದಿನ ಹೋಗುತ್ತಿದ್ದರೆ, ಪಾಲಿಸಿಯಲ್ಲಿ ಹಳೆಯ ಮೈಲಿಯೇ ಇರುತ್ತದೆ. ಓಡೋಮೀಟರಿನ ಫೋಟೋ ಕಳಿಸಿ ತಿದ್ದಿಸಿ. ಹಣ ಉಳಿಸಲು ಲಯಬಿಲಿಟಿ ಕವರೇಜ್, ಅಂದರೆ ನಿಮ್ಮ ತಪ್ಪಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಕಂಪನಿ ಕೊಡುವ ಮೊತ್ತ, ಕಡಿಮೆ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2025ರ ಜನವರಿ 1ರಿಂದ ಕನಿಷ್ಠ ಮಿತಿ ಒಬ್ಬರ ಗಾಯಕ್ಕೆ 30,000, ಒಂದು ಅಪಘಾತದ ಎಲ್ಲ ಗಾಯಗಳಿಗೆ 60,000, ಆಸ್ತಿ ಹಾನಿಗೆ 15,000 ಡಾಲರ್. ಇಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ ಇದು ಎಷ್ಟು ಕಡಿಮೆ ಅಂತ ಗೊತ್ತು. ಅದಕ್ಕೆ ಮೇಲ್ಪಟ್ಟದ್ದು ನಿಮ್ಮ ಉಳಿತಾಯದಿಂದಲೇ ಹೋಗಬೇಕಾಗಬಹುದು. ಪ್ರೀಮಿಯಂ ಕಡಿಮೆ ಮಾಡಲೇಬೇಕಿದ್ದರೆ ನಿಮ್ಮ ಸ್ವಂತ ಕಾರಿನ ಡಿಡಕ್ಟಿಬಲ್, ಅಂದರೆ ರಿಪೇರಿಯಲ್ಲಿ ಮೊದಲು ನೀವೇ ಕೊಡಬೇಕಾದ ಪಾಲು, ಏರಿಸಿಕೊಳ್ಳಿ.

ಉಲ್ಲಂಘನೆಯ ದಿನಾಂಕವನ್ನು ಫೋನಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟು, 36 ತಿಂಗಳ ನಂತರಕ್ಕೆ ಒಂದು ರಿಮೈಂಡರ್ ಹಾಕಿಕೊಳ್ಳಿ. ಆ ದಿನ ದಾಟಿದ ಮೇಲೆ ಬರುವ ಮೊದಲ ರಿನ್ಯೂವಲ್ಲಿನಲ್ಲಿ ಪಾಯಿಂಟಿನ ಏರಿಕೆ ಇಳಿದಿದೆಯಾ ನೋಡಿ. ಇಳಿದಿಲ್ಲ ಅಂದರೆ ಏಜೆಂಟರಿಗೆ ಫೋನ್ ಮಾಡಿ, ದಾಖಲೆ ಮತ್ತೆ ತೆಗೆಸಿ ದರ ಹೊಸದಾಗಿ ಹಾಕಿ ಅಂತ ಕೇಳಿ.